ಕೂಪರೇಜ್‌ನಲ್ಲಿ ನಮ್ಮ ಟೀಮು ಯಾವುದು?

ಮುಂಬಯಿಯಲ್ಲಿ ಫುಟ್‌ಬಾಲ್‌ಗೆ ಜನ ಇಲ್ಲ, ಇಲ್ಲಿ ಏನಿದ್ದರೂ ಕ್ರಿಕೆಟ್ಟೇ - ಈ ಮಾತನ್ನು ನೀವೂ ಎಷ್ಟೋ ಸಲ ಕೇಳಿರುತ್ತೀರಿ. ಬ್ಯಾಂಕಿನ ಕೆಲಸಕ್ಕೆಂದು ನಾನು ಈ ಊರಿಗೆ ಬಂದು ಮೂವತ್ತು ವರ್ಷ ದಾಟಿತು. ಓದಿದ್ದು ಬಿ.ಕಾಂ., ಚರಿತ್ರೆ ನನ್ನ ಸಬ್ಜೆಕ್ಟ್ ಅಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಸುಮ್ಮನೆ ಕೂರಲಾಗದ ಅಭ್ಯಾಸವೊಂದು ಕೆಲಸದಿಂದ ಬಂದುಬಿಟ್ಟಿದೆ. ಈ ಮಾತಿನ ಲೆಕ್ಕವೂ ತಾಳೆಯಾಗುವುದಿಲ್ಲ ನೋಡಿ. ನೋಡುವ ಜನವೇ ಇಲ್ಲದ ಊರಿನಲ್ಲಿ ಒಂದು ಫುಟ್‌ಬಾಲ್ ಟೂರ್ನಮೆಂಟು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಲು ಸಾಧ್ಯವೇ?

ಅದು ರೋವರ್ಸ್ ಕಪ್. 1891ರಲ್ಲಿ ಬ್ರಿಟಿಷರು ಬೊಂಬಾಯಿಯಲ್ಲಿ ಶುರು ಮಾಡಿದ ಟೂರ್ನಮೆಂಟು. ಮೊದಲ ವರ್ಷ ಗೆದ್ದದ್ದು ವುಸ್ಟರ್‌ಶೈರ್ ರೆಜಿಮೆಂಟಿನ ಗೋರಾ ಸೈನಿಕರು. ಆಮೇಲೆ ಸುಮಾರು ನಾಲ್ಕೂವರೆ ದಶಕ ಆ ಕಪ್ಪು ಪಲ್ಟನ್ನಿನಿಂದ ಪಲ್ಟನ್ನಿಗೆ ಹೋಯಿತೇ ಹೊರತು ಭಾರತೀಯರ ಕೈಗೆ ಬರಲಿಲ್ಲ. ಕೊನೆಯ ಸಲ ನಡೆದದ್ದು 2000-01ರಲ್ಲಿ. ನಡುವೆ ಎರಡು ಮಹಾಯುದ್ಧ, ಸ್ವಾತಂತ್ರ್ಯ, ಭಾಷಾವಾರು ಪ್ರಾಂತ್ಯ, ಗಿರಣಿ ಮುಷ್ಕರ, ಎಲ್ಲವೂ ಆಗಿಹೋದವು.

ಈ ಆಟದ ಮನೆ ಕೂಪರೇಜ್ ಮೈದಾನ. ಓವಲ್ ಮೈದಾನದಿಂದ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ನಡೆದರೆ ಸಿಗುತ್ತದೆ. ಹಿಂದೆ ಅಲ್ಲಿ ಪೀಪಾಯಿ ಮಾಡುವವರ ಕಾರ್ಖಾನೆ ಇತ್ತಂತೆ, ಅದರಿಂದಲೇ ಆ ಹೆಸರು. ಮುಂಬಯಿಯಲ್ಲಿ ಫುಟ್‌ಬಾಲ್ ಮಳೆಗಾಲದ ಆಟ. ಕ್ರಿಕೆಟ್ಟಿನವರು ಗಂಟುಮೂಟೆ ಕಟ್ಟಿದ ಮೇಲೆ ಆಜಾದ್ ಮೈದಾನ, ಕ್ರಾಸ್ ಮೈದಾನಗಳ ಕೆಸರಿನಲ್ಲಿ ಹಾರ್ವುಡ್ ಲೀಗ್ ನಡೆಯುತ್ತಿತ್ತು. 1902ರಲ್ಲಿ ಶುರುವಾದ ಲೀಗ್ ಅದು. ಅಂದರೆ ಆಟ ಇತ್ತು, ಮೈದಾನ ಇತ್ತು, ಕಪ್ ಇತ್ತು, ಜನವೂ ಇದ್ದರು. ಹಾಗಾದರೆ ಇಲ್ಲದ್ದು ಏನು?

ನನಗೆ ಅನ್ನಿಸುವುದು ಇಷ್ಟು. ಕೂಪರೇಜಿನ ಗ್ಯಾಲರಿ ತುಂಬುತ್ತಿತ್ತು, ಆದರೆ ಮುಂಬಯಿಯ ಹೆಸರಿನಲ್ಲಿ ತುಂಬುತ್ತಿರಲಿಲ್ಲ. ಅಲ್ಲಿ ಕೂತವರಲ್ಲಿ ಬಹಳಷ್ಟು ಜನ ತಮ್ಮ ತಮ್ಮ ಊರಿನ ಟೀಮನ್ನು ನೋಡಲು ಬಂದವರು. ವಲಸೆ ಬಂದವರ ಊರಿನಲ್ಲಿ ಒಂದು ಸ್ಥಳೀಯ ತಂಡಕ್ಕೆ ಅಭಿಮಾನ ಹುಟ್ಟುವುದು ಎಷ್ಟು ಕಷ್ಟ ಅನ್ನುವುದನ್ನು ತಿಳಿಯಬೇಕಾದರೆ ಈ ಮೈದಾನದ ಕಥೆಯನ್ನೇ ನೋಡಬೇಕು.

ನಮ್ಮಿಂದಲೇ ಶುರು ಮಾಡೋಣ. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಯಾವುದು ಗೊತ್ತೇ? ಮೋಹನ್ ಬಾಗಾನ್ ಅನ್ನುತ್ತೀರಿ. ಅಲ್ಲ. ಮೋಹನ್ ಬಾಗಾನ್ 1923ರಲ್ಲಿ ಫೈನಲ್ಲಿಗೆ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಯ ಕೈಲಿ ಸೋತಿತು. ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಅದೂ ಆ ಕಾಲಕ್ಕೆ ಕಲ್ಕತ್ತಾ ಲೀಗನ್ನು ಸಾಲಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗನ್ನು ಫೈನಲ್ಲಿನಲ್ಲಿ 1-0ಯಿಂದ ಸೋಲಿಸಿ! ಮರುವರ್ಷ 1938ರಲ್ಲೂ ಅವರೇ ಗೆದ್ದರು. 1940ರಲ್ಲಿ ಮತ್ತೆ ಇದೇ ಎರಡು ತಂಡಗಳು ಫೈನಲ್ಲಿನಲ್ಲಿ ಎದುರಾದಾಗ ಮೊಹಮ್ಮಡನ್ ಸೇಡು ತೀರಿಸಿಕೊಂಡಿತು. ಬೆಂಗಳೂರಿನ ದಂಡುಪ್ರದೇಶದ ಹುಡುಗರು ಬೊಂಬಾಯಿಯ ಮೈದಾನದಲ್ಲಿ ಇಂಥ ಹೆಸರು ಮಾಡಿದ್ದರು ಅನ್ನುವುದು ನಮ್ಮ ಎಷ್ಟು ಜನಕ್ಕೆ ಗೊತ್ತು? ನಮ್ಮ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಯಕ್ಷಗಾನ, ನಾಟಕ, ರಾತ್ರಿಶಾಲೆ, ಹೋಟೆಲು ಉದ್ಯಮ ಎಲ್ಲವೂ ಬರುತ್ತೆ. ಇದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಹೈದರಾಬಾದಿನ ಕಾಲ. ಎಸ್.ಎ. ರಹೀಮ್ ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸಾಲಾಗಿ ಐದು ವರ್ಷ ರೋವರ್ಸ್ ಕಪ್ಪನ್ನು ಹೊತ್ತುಕೊಂಡು ಹೋಯಿತು. ಆಮೇಲೆ ಕಲ್ಕತ್ತಾದ ಮೂವರು ದೊಡ್ಡಣ್ಣಂದಿರು - ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್. ಮೋಹನ್ ಬಾಗಾನ್ ಒಂದೇ ಒಟ್ಟು 14 ಸಲ ಗೆದ್ದಿದೆ. 1970ರ ದಶಕದಲ್ಲಿ ಗೋವಾದ ಡೆಂಪೊ ಬಂದು ಗೆದ್ದಿತು.

ಈ ಹೆಸರುಗಳನ್ನು ಮುಂಬಯಿಯ ನಕ್ಷೆಯ ಮೇಲೆ ಇಟ್ಟು ನೋಡಿ. ಧೋಬಿ ತಲಾವಿನಲ್ಲಿ ಗೋವಾದ ಒಂದೊಂದು ಹಳ್ಳಿಗೆ ಒಂದೊಂದು 'ಕೂಡ್' ಇತ್ತು. ಹಡಗಿನ ಕೆಲಸಕ್ಕೆ ಬಂದವರು ಟ್ರಂಕು ಇಟ್ಟು ಮಲಗುವ ಜಾಗ. ಗೋವಾದ ತಂಡ ಬಂದರೆ ಅಲ್ಲಿಂದ ಕೂಪರೇಜಿಗೆ ನಡೆದೇ ಹೋಗಬಹುದು. ಕಲ್ಕತ್ತಾದ ತಂಡಗಳು ಬಂದರೆ ದಾದರ್, ಸಾಯನ್ ಕಡೆಯ ಬಂಗಾಳಿ ಬಾಬುಗಳು ಆಫೀಸಿಗೆ ಅರ್ಧ ದಿನ ರಜೆ. ಮೊಹಮ್ಮಡನ್ ಸ್ಪೋರ್ಟಿಂಗಿಗೆ ಮೊಹಮ್ಮದ್ ಅಲಿ ರಸ್ತೆ, ನಾಗಪಾಡಾ ಕಡೆಯ ಜನ. ಮಲಯಾಳಿಗಳಿಗಂತೂ ಯಾರು ಆಡಿದರೂ ಸರಿ, ಫುಟ್‌ಬಾಲ್ ಆದರೆ ಸಾಕು! ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು 1946, 1952, ಆಮೇಲೆ 1967-68 ಮತ್ತು 1968-69ರಲ್ಲಿ ಗೆದ್ದಾಗ ಮಾಟುಂಗಾದ ಹೋಟೆಲುಗಳಲ್ಲಿ ಪೇಪರು ಓದಿ ಎದೆಯುಬ್ಬಿಸಿದ ಹಿರಿಯರು ನಮ್ಮಲ್ಲೂ ಇದ್ದಾರು.

ಇದರಲ್ಲಿ ತಪ್ಪೇನೂ ಇಲ್ಲ ಬಿಡಿ. ಪರವೂರಿನಲ್ಲಿ ದುಡಿಯುವವನಿಗೆ ತನ್ನ ಊರಿನ ಹೆಸರು ಹೊತ್ತ ಹನ್ನೊಂದು ಜನ ಓಡಾಡುವುದನ್ನು ನೋಡಿದರೆ ಸಿಗುವ ಸಮಾಧಾನವೇ ಬೇರೆ. ಎರಡು ಗಂಟೆ ಹೊತ್ತು ಚಾಳಿನ ಕೋಣೆ ಮರೆತು ಊರಿಗೆ ಹೋಗಿ ಬಂದಂತೆ. ಆದರೆ ಆ ಟೀಮು ಮ್ಯಾಚು ಮುಗಿಸಿ ರೈಲು ಹತ್ತಿ ಹೋಗಿಬಿಡುತ್ತಿತ್ತು. ಮತ್ತೆ ಬರುವುದು ಮುಂದಿನ ವರ್ಷ. ಇಲ್ಲಿ ಉಳಿಯುವ ತಂಡದ ಗತಿ ಏನು?

ಇಲ್ಲಿ ಉಳಿಯುವ ತಂಡಗಳ ಹೆಸರು ಕೇಳಿ. ಟಾಟಾ, ಕಾಲ್ಟೆಕ್ಸ್, ಮಫತ್‌ಲಾಲ್, ಓರ್ಕೇ ಮಿಲ್ಸ್, ಮಹೀಂದ್ರ, ಏರ್ ಇಂಡಿಯಾ, ಆರ್‌ಸಿಎಫ್, ಸೆಂಟ್ರಲ್ ರೈಲ್ವೆ, ವೆಸ್ಟರ್ನ್ ರೈಲ್ವೆ, ಓಎನ್‌ಜಿಸಿ, ಹಲವು ಬ್ಯಾಂಕುಗಳು. ಒಂದಾದರೂ ಊರಿನ ಹೆಸರೇ? ಎಲ್ಲವೂ ಕಂಪನಿಯ ಹೆಸರು! ಸಣ್ಣ ಕ್ಲಬ್ಬುಗಳು ಇದ್ದವು, ಬಾಂದ್ರಾ, ಮಝಗಾಂವ್ ಕಡೆ ಒಂದೊಂದು ಮೊಹಲ್ಲಾಕ್ಕೂ ಇದ್ದವು. ಆದರೆ ದೊಡ್ಡ ಆಟ ಆಡುವ ಶಕ್ತಿ ಇದ್ದದ್ದು ಕಂಪನಿಗಳಿಗೆ ಮಾತ್ರ.

ಇವು ಕಡಿಮೆ ತಂಡಗಳು ಎಂದುಕೊಳ್ಳಬೇಡಿ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ ಭಾರತ 4-2ರಿಂದ ಸೋಲಿಸಿತಲ್ಲ, ಅದರಲ್ಲಿ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಬೊಂಬಾಯಿಯ ಹುಡುಗ. ಒಲಿಂಪಿಕ್ ಫುಟ್‌ಬಾಲಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್. ಆತ ಆಡಿದ್ದು ಟಾಟಾ ತಂಡಕ್ಕೆ, ಆಮೇಲೆ ಕಾಲ್ಟೆಕ್ಸ್‌ಗೆ. 1958ರಲ್ಲಿ ಕಾಲ್ಟೆಕ್ಸ್ ರೋವರ್ಸ್ ಕಪ್ ಗೆದ್ದಿತು. ಅಷ್ಟು ವರ್ಷ ಬೇರೆ ಊರಿನವರು ಬಂದು ಒಯ್ಯುತ್ತಿದ್ದ ಕಪ್ಪು ಕೊನೆಗೂ ಈ ಊರಿನ ನಾಗರಿಕ ತಂಡವೊಂದಕ್ಕೆ ಸಿಕ್ಕಿತು. ಈಗ ಯಾರಾದರೂ 'ನಾನು ಕಾಲ್ಟೆಕ್ಸ್ ಅಭಿಮಾನಿ' ಅನ್ನುವವರನ್ನು ನೀವು ಕಂಡಿದ್ದೀರಾ? ಹೆಸರು ಕೇಳಿದರೆ ಪೆಟ್ರೋಲ್ ಬಂಕ್ ನೆನಪಾಗುತ್ತೆ ಅಷ್ಟೆ. ಅದೂ ನಮ್ಮ ತಂದೆಯ ಕಾಲದವರಿಗೆ.

ಕಂಪನಿ ಟೀಮುಗಳು ಹೇಗೆ ನಡೆಯುತ್ತಿದ್ದವು ಅನ್ನುವುದನ್ನು ನಾನು ಒಳಗಿನಿಂದಲೇ ಕಂಡವನು. ಆಗ ಫುಟ್‌ಬಾಲ್ ಆಡಿ ಸಂಪಾದಿಸುವ ದಾರಿ ಇರಲಿಲ್ಲ. ಆಟಗಾರನಿಗೆ ನೌಕರಿ ಬೇಕು. ಕಂಪನಿ, ಬ್ಯಾಂಕು, ರೈಲ್ವೆ ಸ್ಪೋರ್ಟ್ಸ್ ಕೋಟಾದಲ್ಲಿ ಕ್ಲರ್ಕ್ ಕೆಲಸ ಕೊಡುತ್ತಿದ್ದವು. ಬೆಳಿಗ್ಗೆ ಬಂದು ಮಸ್ಟರಿನಲ್ಲಿ ಸಹಿ, ಮಧ್ಯಾಹ್ನದ ನಂತರ ಪ್ರಾಕ್ಟೀಸು. ನನ್ನ ಮೊದಲ ಬ್ರಾಂಚಿನಲ್ಲಿ ಹಾಗೆ ಬಂದ ಒಬ್ಬರಿದ್ದರು. ಕೇರಳದವರು. ಲೆಡ್ಜರ್ ಬರೆಯುವುದರಲ್ಲಿ ನಿಧಾನ, ಆದರೆ ಮೈದಾನದಲ್ಲಿ ಮಿಂಚು. ಆ ನೌಕರಿಯಿಂದಲೇ ಅವರು ತಂಗಿಯರ ಮದುವೆ ಮಾಡಿದರು, ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಂಡರು, ಮ್ಯಾನೇಜರ್ ಆಗಿ ನಿವೃತ್ತರಾದರು. ಹೈದರಾಬಾದು, ಮೈಸೂರು, ಗೋವಾ, ಕೇರಳದಿಂದ ನೂರಾರು ಹುಡುಗರಿಗೆ ಮುಂಬಯಿಯಲ್ಲಿ ಕಾಲೂರಲು ಈ ವ್ಯವಸ್ಥೆ ನೆರವಾಯಿತು. ನಾವೆಲ್ಲ ಪರೀಕ್ಷೆ ಬರೆದು ಬಂದೆವು, ಅವರು ಚೆಂಡು ಒದ್ದು ಬಂದರು. ಅದೊಂದು ಉಪಕಾರವೇ.

ಆದರೆ ನೋಡುವವನಿಗೆ ಇದರಲ್ಲಿ ಏನು ಪಾಲು? ಬ್ಯಾಂಕಿನ ಟೀಮು ಆಡುವಾಗ ಚಪ್ಪಾಳೆ ತಟ್ಟಲು ಬರುವವರು ಬ್ಯಾಂಕಿನವರೇ. ಅದೂ ಜನರಲ್ ಮ್ಯಾನೇಜರ್ ಸಾಹೇಬರು ಬರುತ್ತಾರೆ ಅಂತ ಗೊತ್ತಾದರೆ ತುಸು ಹೆಚ್ಚು. ಎದುರು ಬ್ಯಾಂಕಿನವರು ಅತ್ತ ಕಡೆ. ರಸ್ತೆಯಲ್ಲಿ ಹೋಗುವವನಿಗೆ ಯಾವ ಬ್ಯಾಂಕು ಗೆದ್ದರೂ ಅವನ ಪಾಸ್‌ಬುಕ್ಕಿನಲ್ಲಿ ಬದಲಾವಣೆ ಇಲ್ಲ. ಅಂದರೆ ಕೂಪರೇಜಿನಲ್ಲಿ ಎರಡೇ ತರಹದ ನಿಷ್ಠೆ: ಒಂದು, ಬಿಟ್ಟುಬಂದ ಊರಿಗೆ, ಇನ್ನೊಂದು, ಸಂಬಳ ಕೊಡುವ ಕಂಪನಿಗೆ. ನಾವು ಬದುಕುತ್ತಿದ್ದ ಊರಿಗೆ ಮೂರನೆಯ ಖಾತೆಯನ್ನು ಯಾರೂ ತೆರೆಯಲೇ ಇಲ್ಲ.

ಕ್ರಿಕೆಟ್ಟಿನಲ್ಲಿ ಮುಂಬಯಿ ಈ ಕೆಲಸ ಮಾಡಿತ್ತು ಅನ್ನುವುದನ್ನು ಮರೆಯಬಾರದು. ಅಲ್ಲೂ ಮೊದಮೊದಲು ಹಿಂದೂಗಳು, ಪಾರ್ಸಿಗಳು, ಮುಸಲ್ಮಾನರು, ಯುರೋಪಿಯನ್ನರು ಅಂತ ಜಾತಿ-ಮತದ ತಂಡಗಳೇ. ಪೆಂಟಾಂಗ್ಯುಲರ್ ಅನ್ನುತ್ತಿದ್ದರು. 1946ರಲ್ಲಿ ಅದು ನಿಂತಿತು. ಉಳಿದದ್ದು ಬೊಂಬಾಯಿ ಅನ್ನುವ ಒಂದೇ ರಣಜಿ ತಂಡ. 1958-59ರಿಂದ 1972-73ರವರೆಗೆ ಸಾಲಾಗಿ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದ ಆ ತಂಡ ಎಲ್ಲ ಭಾಷೆಯವರಿಗೂ 'ನಮ್ಮದು' ಆಯಿತು. 1974ರಲ್ಲಿ ಬೆಂಗಳೂರಿನಲ್ಲಿ ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆಗಿ ಕರ್ನಾಟಕ ಆ ಓಟ ನಿಲ್ಲಿಸಿದಾಗ ಮುಂಬಯಿ ಕನ್ನಡಿಗರ ಮನಸ್ಸು ಎರಡು ಹೋಳಾಗಿತ್ತಂತೆ. ಹೋಳಾಯಿತು ಅಂದರೆ ಮುಂಬಯಿಗೂ ಅದರಲ್ಲಿ ಒಂದು ಪಾಲು ಇತ್ತು ಅಂತ ತಾನೇ ಅರ್ಥ? ಫುಟ್‌ಬಾಲಿನಲ್ಲಿ ಆ ಎರಡನೆಯ ಹೋಳೇ ಇರಲಿಲ್ಲ.

ವಲಸಿಗರು ಇರುವ ಊರಿನಲ್ಲಿ ಫುಟ್‌ಬಾಲ್ ಕ್ಲಬ್ಬು ಬೇರು ಬಿಡುವುದೇ ಇಲ್ಲವೇ? ಹಾಗೂ ಹೇಳುವಂತಿಲ್ಲ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಥೆಯನ್ನೇ ನೋಡಿ. 1920ರ ಆಗಸ್ಟ್ 1ರಂದು ಕಲ್ಕತ್ತಾದಲ್ಲಿ ಹುಟ್ಟಿದ ಕ್ಲಬ್ಬು ಅದು. ಪೂರ್ವ ಬಂಗಾಳದ ಒಬ್ಬ ಆಟಗಾರನನ್ನು ಒಂದು ಮುಖ್ಯ ಮ್ಯಾಚಿನಲ್ಲಿ ಕೈಬಿಟ್ಟರು ಅನ್ನುವ ಸಿಟ್ಟಿನಿಂದ ಹುಟ್ಟಿದ್ದು. 1947ರ ನಂತರ ಮನೆ-ಮಠ ಬಿಟ್ಟು ಬಂದ ಲಕ್ಷಾಂತರ ನಿರಾಶ್ರಿತರಿಗೆ ಆ ಕ್ಲಬ್ಬು ಆಸರೆಯಾಯಿತು. ಸೂರಿಲ್ಲ, ರೇಷನ್ ಕಾರ್ಡಿಲ್ಲ, ಊರು ಇನ್ನೊಂದು ದೇಶದ ಪಾಲಾಗಿದೆ. ಆದರೆ ಮೈದಾನಕ್ಕೆ ಹೋದರೆ ತಮ್ಮ ಊರಿನ ಹೆಸರು ಕೂಗಬಹುದು.

ಇಲ್ಲಿ ಒಂದು ಸ್ವಾರಸ್ಯ ಇದೆ. ಆ ನಿರಾಶ್ರಿತರು ಗಂಟಲು ಹರಿದು ಕೂಗುತ್ತಿದ್ದದ್ದು ಯಾರಿಗೆ? ಅಹ್ಮದ್ ಖಾನ್, ಅಪ್ಪಾರಾವ್, ಧನರಾಜ್, ವೆಂಕಟೇಶ್, ಸಾಲೆ - 'ಪಂಚ ಪಾಂಡವರು' ಎಂದೇ ಹೆಸರಾದ ಐವರು ಫಾರ್ವರ್ಡ್‌ಗಳು. ಐವರೂ ದಕ್ಷಿಣದವರು, ಒಬ್ಬನೂ ಬಂಗಾಳಿಯಲ್ಲ! ಅಹ್ಮದ್ ಖಾನ್ ಮತ್ತು ಧನರಾಜ್ ನಮ್ಮ ಬೆಂಗಳೂರಿನವರು, ಇಬ್ಬರೂ 1948ರ ಲಂಡನ್ ಒಲಿಂಪಿಕ್ಸಿಗೆ ಹೋದವರು. ಈ ಐವರ ಕಾಲದಲ್ಲಿ ಈಸ್ಟ್ ಬೆಂಗಾಲ್ 1949ರಿಂದ 1951ರವರೆಗೆ ಸಾಲಾಗಿ ಮೂರು ವರ್ಷ ಐಎಫ್ಎ ಶೀಲ್ಡ್ ಗೆದ್ದಿತು. 1949ರಲ್ಲಿ ಇಲ್ಲಿಗೆ ಬಂದು ರೋವರ್ಸ್ ಕಪ್ಪನ್ನೂ ಒಯ್ದಿತು. ಅಂದರೆ ಆಟಗಾರ ನಮ್ಮ ಭಾಷೆಯವನೇ ಆಗಿರಬೇಕು ಅನ್ನುವ ಹಟ ಅಭಿಮಾನಿಗೆ ಇರುವುದಿಲ್ಲ. ಅವನಿಗೆ ಬೇಕಾದದ್ದು ಒಂದು ಹೆಸರು, ಒಂದು ಬಣ್ಣ, ಹೋಗಿ ಕೂರಲು ಒಂದು ಜಾಗ, ಪಕ್ಕದಲ್ಲಿ ತನ್ನ ಹಾಗೇ ಇರುವ ಜನ. ಜೊತೆಗೆ, ನಾಳೆಯೂ ಇದು ಇಲ್ಲೇ ಇರುತ್ತದೆ ಅನ್ನುವ ಭರವಸೆ. ಕ್ಲಬ್ಬು ಸದಸ್ಯರದು, ಅದನ್ನು ಮುಚ್ಚಿ ಹೋಗುವ ಮಾಲೀಕ ಆಗ ಇರಲಿಲ್ಲ.

ಮುಂಬಯಿಯಲ್ಲಿ ಇಲ್ಲದೇ ಹೋದದ್ದು ಈ ಭರವಸೆಯೇ. ಮಹೀಂದ್ರದ ಉದಾಹರಣೆ ತೆಗೆದುಕೊಳ್ಳಿ. ಹಳೆಯ ಕಂಪನಿ ತಂಡ 'ಮಹೀಂದ್ರ ಯುನೈಟೆಡ್' ಎಂದು ಹೆಸರು ಬದಲಿಸಿಕೊಂಡು ವೃತ್ತಿಪರವಾಯಿತು. ಡ್ಯುರಾಂಡ್ ಕಪ್, ಫೆಡರೇಷನ್ ಕಪ್ ಗೆದ್ದಿತು. 2005-06ರಲ್ಲಿ ಡೆರಿಕ್ ಪೆರೇರಾ ಅವರ ತರಬೇತಿಯಲ್ಲಿ ರಾಷ್ಟ್ರೀಯ ಲೀಗನ್ನೇ ಗೆದ್ದಿತು. ದೇಶದ ಚಾಂಪಿಯನ್ ಆದ ಮುಂಬಯಿಯ ಮೊದಲ ತಂಡ ಅದು. ನಾಲ್ಕೇ ವರ್ಷ. 2010ರಲ್ಲಿ ಕಂಪನಿ ತಂಡವನ್ನು ವಿಸರ್ಜಿಸಿತು. ಕಂಪನಿಯ ದೃಷ್ಟಿಯಿಂದ ಅದು ಒಂದು ಬಜೆಟ್ ನಿರ್ಧಾರ, ಅದಕ್ಕೆ ಅವರಿಗೆ ಹಕ್ಕಿದೆ. ಆದರೆ ಯೋಚಿಸಿ, ಕಲ್ಕತ್ತಾದಲ್ಲಿ ಮೋಹನ್ ಬಾಗಾನನ್ನೋ ಈಸ್ಟ್ ಬೆಂಗಾಲನ್ನೋ ಹೀಗೆ ಮುಚ್ಚಿದರೆ ಊರು ಹೊತ್ತಿ ಉರಿಯುತ್ತಿತ್ತು. ಇಲ್ಲಿ ಮರುದಿನ ಎಂದಿನಂತೆ 8.12ರ ಫಾಸ್ಟ್ ಲೋಕಲ್ ಹೊರಟಿತು. 2013ರಲ್ಲಿ ಏರ್ ಇಂಡಿಯಾ ಮತ್ತು ಓಎನ್‌ಜಿಸಿ ತಂಡಗಳು ಕ್ಲಬ್ ಲೈಸೆನ್ಸಿನ ನಿಯಮ ಪೂರೈಸಲಾಗದೆ ಐ-ಲೀಗ್‌ನಿಂದ ಹೊರಬಿದ್ದವು. ಆಗಲೂ ಅಷ್ಟೇ, ಪೇಪರಿನ ಒಂದು ಮೂಲೆಯಲ್ಲಿ ಸುದ್ದಿ.

ಊರಿನ ಹೆಸರಿಟ್ಟುಕೊಂಡು ಹುಟ್ಟಿದ್ದು 2007ರಲ್ಲಿ ಬಂದ ಮುಂಬಯಿ ಎಫ್‌ಸಿ. ಹಳದಿ ಜರ್ಸಿ, 'ಯೆಲ್ಲೋ ಬ್ರಿಗೇಡ್' ಅನ್ನುವ ಸಣ್ಣ ಅಭಿಮಾನಿ ಪಡೆ. ಕೂಪರೇಜ್ ದುರಸ್ತಿಯಲ್ಲಿದ್ದಾಗ ಮನೆಯ ಮ್ಯಾಚುಗಳನ್ನು ಪುಣೆಯ ಬಾಲೆವಾಡಿಯಲ್ಲಿ ಆಡಬೇಕಾಯಿತು. ಮುಂಬಯಿ ಟೀಮಿನ ಮನೆ ಮ್ಯಾಚು ನೋಡಲು ಎಕ್ಸ್‌ಪ್ರೆಸ್ ಹೈವೇ ಹತ್ತಿ ಘಾಟಿ ದಾಟಬೇಕು! ಅಂಥದ್ದರಲ್ಲೂ ಆ ಹುಡುಗರು ಡೋಲು ಹೊತ್ತುಕೊಂಡು ಹೋಗುತ್ತಿದ್ದರು. ತಂಡ 2016-17ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು, ಅದರೊಂದಿಗೆ ಮುಚ್ಚಿತು. ಹತ್ತು ವರ್ಷದ ಅಭಿಮಾನಕ್ಕೆ ಮೆಚ್ಯೂರಿಟಿಯೇ ಸಿಗಲಿಲ್ಲ.

ಈ ನಡುವೆ ಇನ್ನೊಂದು ಕಡೆಯಿಂದಲೂ ಪೈಪೋಟಿ ಬಂದಿತ್ತು. 1990ರ ದಶಕದಲ್ಲಿ ಮನೆಮನೆಗೆ ಕೇಬಲ್ ಟಿವಿ ಬಂದ ಮೇಲೆ ಇಲ್ಲೇ ಹುಟ್ಟಿದ ಮಕ್ಕಳು ಇಂಗ್ಲೆಂಡಿನ ಕ್ಲಬ್ಬುಗಳಿಗೆ ಒಲಿದರು. ಅಪ್ಪನಿಗೆ ಊರಿತ್ತು, ಮಗನಿಗೆ ಆ ಊರು ಬೇಸಿಗೆ ರಜೆಯ ಹದಿನೈದು ದಿನ ಮಾತ್ರ. ಮುಂಬಯಿಯಲ್ಲಿ ಒಪ್ಪಿಕೊಳ್ಳುವಂಥ ಟೀಮು ಇಲ್ಲ. ಹಾಗಾಗಿ ಮುಲುಂಡಿನ ಹುಡುಗ ಮ್ಯಾಂಚೆಸ್ಟರ್ ಅಂದ, ಮೀರಾ ರೋಡಿನವನು ಲಿವರ್‌ಪೂಲ್ ಅಂದ. ನಾವು ಅದನ್ನು ಶೋಕಿ ಎಂದು ಬೈದೆವು. ನನ್ನ ಕೇಳಿದರೆ ಅದು ಶೋಕಿಗಿಂತ ಹೆಚ್ಚಾಗಿ ಹಸಿವು. ಮನೆಯಲ್ಲಿ ಅಡುಗೆ ಇಲ್ಲದಿದ್ದರೆ ಮಕ್ಕಳು ಹೋಟೆಲಿಗೆ ಹೋಗುತ್ತಾರೆ.

ಇತ್ತ ಬೆಂಗಳೂರಿನಲ್ಲಿ 2013ರಲ್ಲಿ ಬೇರೆಯೇ ಪ್ರಯೋಗ ನಡೆಯಿತು. ಈಗಿನ ಬೆಂಗಳೂರೂ ವಲಸಿಗರ ಊರೇ ಅನ್ನುವುದು ನಿಮಗೆ ಗೊತ್ತೇ ಇದೆ. ಅಲ್ಲಿಯ ಫುಟ್‌ಬಾಲೂ ಐಟಿಐ, ಎಚ್ಎಎಲ್ ಅಂತ ಕಾರ್ಖಾನೆಗಳ ಟೀಮುಗಳ ಮೇಲೇ ನಿಂತಿತ್ತು. ಅಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದ್ದು ಜೆಎಸ್‌ಡಬ್ಲ್ಯು, ಮುಖ್ಯ ಕಚೇರಿ ನಮ್ಮ ಮುಂಬಯಿಯಲ್ಲೇ ಇರುವ ಕಂಪನಿ! ಆದರೆ ಅವರು ತಂಡಕ್ಕೆ ಕಂಪನಿಯ ಹೆಸರಿಡಲಿಲ್ಲ, ಊರಿನ ಹೆಸರಿಟ್ಟರು. ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಆಡಿಸಿದರು. ಪಶ್ಚಿಮದ ಗ್ಯಾಲರಿಯಲ್ಲಿ ಕೂರುತ್ತಿದ್ದ ಹುಡುಗರು ತಮ್ಮನ್ನು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಕರೆದುಕೊಂಡರು. ಮೊದಲ ವರ್ಷವೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದರು. ನಾಯಕ ಸುನಿಲ್ ಛೇಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಸೈನಿಕನ ಮಗ, ಬೆಳೆದದ್ದು ಹಲವು ಊರಿನಲ್ಲಿ. ಅವರೂ ಒಬ್ಬ ವಲಸಿಗರೇ. ಕನ್ನಡ ಬ್ಯಾನರು ಹಿಡಿದು ಹಿಂದಿಯಲ್ಲಿ ಹಾಡು ಹಾಡುವ ಆ ಗ್ಯಾಲರಿ ನೋಡಿದರೆ, ಬೇರೆ ಬೇರೆ ಕಡೆಯಿಂದ ಬಂದವರೂ ಒಂದು ಊರಿನ ಹೆಸರನ್ನು ಮನಸಾರೆ ಕೂಗಬಲ್ಲರು ಅನ್ನುವುದು ಅರ್ಥವಾಗುತ್ತದೆ.

ಮುಂಬಯಿ ಸಿಟಿ ಎಫ್‌ಸಿ ಬಂದದ್ದು 2014ರಲ್ಲಿ, ಐಎಸ್ಎಲ್ ಜೊತೆಗೆ. ಸಿನಿಮಾ ನಟ ರಣಬೀರ್ ಕಪೂರ್ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಬಿಮಲ್ ಪಾರೇಖ್ ಮಾಲೀಕರು. ಮೊದಮೊದಲು ತಾರೆಗಳ ಜಾತ್ರೆ. 2014ರಲ್ಲಿ ಫ್ರಾನ್ಸಿನ ಅನೆಲ್ಕಾ, 2016ರಲ್ಲಿ ಉರುಗ್ವೆಯ ಫೊರ್ಲಾನ್. ಮೊದಲ ಎರಡು ವರ್ಷ ಮ್ಯಾಚು ನೆರೂಳಿನ ಡಿ.ವೈ. ಪಾಟೀಲ್ ಕ್ರಿಕೆಟ್ ಸ್ಟೇಡಿಯಮ್ಮಿನಲ್ಲಿ. ಅಷ್ಟು ದೊಡ್ಡ ಬಟ್ಟಲಿನಲ್ಲಿ ಕೂತವನಿಗೆ ಚೆಂಡೂ ದೂರ, ಪಕ್ಕದವನೂ ದೂರ. 2016ರಲ್ಲಿ ಅಂಧೇರಿಯ ಚಿಕ್ಕ ಮೈದಾನಕ್ಕೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಘಾಟ್ಕೋಪರಿನಿಂದ ಮೆಟ್ರೋ ಹತ್ತಿ ಆಜಾದ್ ನಗರದಲ್ಲಿ ಇಳಿದರೆ ಎದುರಿಗೇ ಮೈದಾನ. ಆಟಗಾರನ ಉಸಿರು ಕೇಳುವಷ್ಟು ಹತ್ತಿರ. 'ವೆಸ್ಟ್ ಕೋಸ್ಟ್ ಬ್ರಿಗೇಡ್' ಅನ್ನುವ ಅಭಿಮಾನಿ ಪಡೆಗೆ ಅಲ್ಲಿ ಒಂದು ಖಾಯಂ ಮೂಲೆ ಸಿಕ್ಕಿತು. ನನ್ನ ಮಟ್ಟಿಗೆ ಫೊರ್ಲಾನ್‌ಗಿಂತ ದೊಡ್ಡ ಸಂಪಾದನೆ ಆ ಮೂಲೆಯೇ.

2019ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆಯರಾದ ಸಿಟಿ ಫುಟ್‌ಬಾಲ್ ಗ್ರೂಪ್ ಕ್ಲಬ್ಬಿನ ಶೇ. 65 ಪಾಲು ಕೊಂಡಿತು. ಗೆಲುವು ಶುರುವಾಯಿತು. 2020-21ರಲ್ಲಿ ಲೀಗ್ ಶೀಲ್ಡ್, ಐಎಸ್ಎಲ್ ಕಪ್ ಎರಡೂ ಬಂದವು. ಕಪ್ ಫೈನಲ್ಲಿನಲ್ಲಿ ಬಿಪಿನ್ ಸಿಂಗ್ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲು. ಆದರೆ ವಿಧಿ ನೋಡಿ, ಅದು ಕೋವಿಡ್ ಕಾಲ. ಇಡೀ ಸೀಸನ್ನು ಗೋವಾದಲ್ಲಿ, ಖಾಲಿ ಮೈದಾನದಲ್ಲಿ. ಅಷ್ಟು ವರ್ಷ ಕಾದ ಜನ ಮೊಬೈಲ್ ಪರದೆಯ ಮುಂದೆ ಕೂತು ಚಪ್ಪಾಳೆ ತಟ್ಟಬೇಕಾಯಿತು. 2022ರ ಏಪ್ರಿಲ್‌ನಲ್ಲಿ ರಿಯಾದ್‌ನಲ್ಲಿ ಇರಾಕಿನ ತಂಡವೊಂದನ್ನು 2-1ರಿಂದ ಸೋಲಿಸಿ, ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನಲ್ಲಿ ಮ್ಯಾಚು ಗೆದ್ದ ಮೊದಲ ಭಾರತೀಯ ಕ್ಲಬ್ಬಾಯಿತು. 2022-23ರಲ್ಲಿ ಮತ್ತೆ ಶೀಲ್ಡ್, 2024ರ ಮೇ 4ರಂದು ಕಲ್ಕತ್ತಾದಲ್ಲೇ ಮೋಹನ್ ಬಾಗಾನನ್ನು 3-1ರಿಂದ ಸೋಲಿಸಿ ಮತ್ತೆ ಕಪ್. ರೋವರ್ಸ್ ಕಪ್ಪನ್ನು 14 ಸಲ ಇಲ್ಲಿಂದ ಒಯ್ದವರ ಮನೆಗೆ ಹೋಗಿ ಕಪ್ ತಂದದ್ದು!

ನನ್ನ ಮಗನದ್ದೊಂದು ಮಾತು ಇಲ್ಲಿ ಹೇಳಲೇಬೇಕು. ಹುಟ್ಟಿದ್ದು, ಬೆಳೆದದ್ದು ಮುಲುಂಡಿನಲ್ಲಿ. ಮನೆಯಲ್ಲಿ ಕನ್ನಡ, ಗೆಳೆಯರೊಂದಿಗೆ ಮರಾಠಿ-ಹಿಂದಿ. 2023ರ ಮಾರ್ಚ್ 7, ಧೂಳಿವಂದನದ ರಜೆ. ಅಂಧೇರಿಯಲ್ಲಿ ಮುಂಬಯಿ ಸಿಟಿ ಮತ್ತು ಬೆಂಗಳೂರು ಎಫ್‌ಸಿ ನಡುವೆ ಸೆಮಿಫೈನಲ್ಲಿನ ಮೊದಲ ಮ್ಯಾಚು. ಇಬ್ಬರೂ ಹೋದೆವು. ಅವನು ಆಕಾಶನೀಲಿ ಜರ್ಸಿ ಹಾಕಿಕೊಂಡಿದ್ದ. 78ನೇ ನಿಮಿಷದಲ್ಲಿ ಬದಲಿ ಆಟಗಾರನಾಗಿ ಬಂದಿದ್ದ ಛೇಟ್ರಿ ಹೆಡ್ ಮಾಡಿ ಗೋಲು ಹೊಡೆದಾಗ ನನಗರಿವಿಲ್ಲದೆ ಎದ್ದು ನಿಂತಿದ್ದೆ. ಮಗ ತಲೆಯ ಮೇಲೆ ಕೈಹೊತ್ತು ಕೂತಿದ್ದ. 'ಪಪ್ಪಾ, ಅದು ನಿಮ್ಮ ಟೀಮು, ಇದು ನಂದು' ಅಂದ. ಸಿಟ್ಟಿನಿಂದಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದ ಹಾಗೆ. ಐದು ದಿನದ ನಂತರ ಬೆಂಗಳೂರಿನಲ್ಲಿ ಮುಂಬಯಿ 2-1ರಿಂದ ಗೆದ್ದಿತು, ಒಟ್ಟು ಲೆಕ್ಕ ಸಮವಾಗಿ ಪೆನಾಲ್ಟಿಯಲ್ಲಿ 9-8ರಿಂದ ಬೆಂಗಳೂರು ಫೈನಲ್ಲಿಗೆ ಹೋಯಿತು. ಆ ರಾತ್ರಿ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಆ ಮಾತು ನನಗೆ ಚುಚ್ಚಿತೇ ಅಂತ ನೀವು ಕೇಳಬಹುದು. ತುಸು ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಅವನ ಕನ್ನಡವೇ ಕೈತಪ್ಪಿ ಹೋದಂತೆ ಒಂದು ಕ್ಷಣ ಅನ್ನಿಸಿತು. ಆಮೇಲೆ ಯೋಚಿಸಿದರೆ, ಈ ಊರಿನ ಅನ್ನ ತಿಂದ ನಮಗೆ ಈ ಊರನ್ನು 'ನಂದು' ಅನ್ನಲು ಮೂವತ್ತು ವರ್ಷದಲ್ಲೂ ನಾಲಿಗೆ ಹೊರಳಲಿಲ್ಲ. ನಿವೃತ್ತಿಯಾದ ಮೇಲೆ ಊರಿಗೆ ಹೋಗುತ್ತೇವೆ ಅನ್ನುತ್ತಲೇ ಇದ್ದೇವೆ. ಅವನು ಕನ್ನಡದಲ್ಲೇ 'ಇದು ನಂದು' ಅಂದ. ಭಾಷೆ ಒಂದು ಕಡೆಯದು, ಊರು ಇನ್ನೊಂದು ಕಡೆಯದು, ಎರಡೂ ಅವನ ಬಾಯಲ್ಲಿ ಜಗಳವಿಲ್ಲದೆ ಇದ್ದವು.

ಆಟಗಾರರ ವಿಷಯದಲ್ಲಂತೂ ಊರು-ಪರವೂರು ಅನ್ನುವ ಗೆರೆ ಎಂದೋ ಅಳಿಸಿಹೋಗಿದೆ. ಛೇಟ್ರಿ 2015ರಲ್ಲಿ ಮುಂಬಯಿ ಸಿಟಿಗೇ ಆಡಿದವರು. ಮುಂಬಯಿಯಲ್ಲಿ ಹುಟ್ಟಿದ ರಾಹುಲ್ ಭೇಕೆ 2019ರ ಮಾರ್ಚ್ 17ರಂದು ಇದೇ ಅಂಧೇರಿ ಮೈದಾನದಲ್ಲಿ ಬೆಂಗಳೂರಿಗಾಗಿ ಗೋಲು ಹೊಡೆದು ಐಎಸ್ಎಲ್ ಕಪ್ ಗೆಲ್ಲಿಸಿಕೊಟ್ಟರು. ಆಮೇಲೆ ಮುಂಬಯಿಗೆ ಬಂದು ರಿಯಾದಿನ ಆ ಗೆಲುವಿನ ಗೋಲನ್ನೂ ಹೊಡೆದರು. 2024ರಲ್ಲಿ ಮತ್ತೆ ಬೆಂಗಳೂರಿಗೆ ಹೋದರು. ನಮ್ಮ ಬ್ಯಾಂಕಿನ ಟ್ರಾನ್ಸ್‌ಫರ್ ಲಿಸ್ಟಿನ ಹಾಗೆ! ಆಟಗಾರ ಬರುತ್ತಾನೆ, ಹೋಗುತ್ತಾನೆ. ಮಾಲೀಕರೂ ಅಷ್ಟೆ. 2025ರಲ್ಲಿ ಫೆಡರೇಷನ್ನಿಗೂ ಲೀಗ್ ನಡೆಸುವವರಿಗೂ ಇದ್ದ ಒಪ್ಪಂದ ಮುಗಿಯುತ್ತ ಬಂದು, ಆ ವರ್ಷ ಐಎಸ್ಎಲ್ ಸೀಸನ್ ಸಮಯಕ್ಕೆ ಶುರುವಾಗಲೇ ಇಲ್ಲ. ವರ್ಷದ ಕೊನೆಗೆ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬಯಿ ಕ್ಲಬ್ಬಿನಿಂದ ಹೊರನಡೆಯಿತು. ಕೋಟಿಗಟ್ಟಲೆ ಹಾಕಿದವರಿಗೆ ಹೊರಗೆ ಹೋಗಲು ಒಂದು ಬಾಗಿಲಿರುತ್ತದೆ. ಗ್ಯಾಲರಿಯ ಮೂಲೆಯಲ್ಲಿ ಡೋಲು ಹಿಡಿದು ಕೂತವನಿಗೆ ಆ ಬಾಗಿಲಿಲ್ಲ, ಅವನಿಗೆ ಬೇಕಾಗಿಯೂ ಇಲ್ಲ.

ಅಭಿಮಾನ ಅನ್ನುವುದು ರಿಕರಿಂಗ್ ಡೆಪಾಸಿಟ್ ಇದ್ದ ಹಾಗೆ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಬೇಕು, ನಡುವೆ ಮುರಿದರೆ ಪೂರ್ತಿ ಬಡ್ಡಿ ಸಿಗುವುದಿಲ್ಲ. ಮುಂಬಯಿ ಫುಟ್‌ಬಾಲಿನಲ್ಲಿ ನೂರು ವರ್ಷ ನಡೆದದ್ದೇ ಇದು. ಪ್ರತಿ ತಲೆಮಾರೂ ಒಂದು ಖಾತೆ ತೆರೆಯಿತು, ಯಾರೋ ಬಂದು ಅದನ್ನು ಮುಚ್ಚಿದರು. ಕಾಲ್ಟೆಕ್ಸ್ ಹೋಯಿತು, ರೋವರ್ಸ್ ಕಪ್ ಹೋಯಿತು, ಮಹೀಂದ್ರ ಹೋಯಿತು, ಹಳದಿ ಜರ್ಸಿಯವರು ಹೋದರು. ಆಕಾಶನೀಲಿ ಜರ್ಸಿಗೆ ಈಗ ಹತ್ತು ವರ್ಷ ದಾಟಿದೆ. ಇದೇ ಹೆಸರು, ಇದೇ ಬಣ್ಣ, ಮೆಟ್ರೋ ಇಳಿದರೆ ಸಿಗುವ ಇದೇ ಮೈದಾನ - ಇಷ್ಟನ್ನು ಉಳಿಸಿಕೊಂಡರೆ ಸೋತ ವರ್ಷಗಳಲ್ಲೂ ಜನ ಬರುತ್ತಾರೆ. ಇವನ್ನು ಬದಲಿಸಿದರೆ ಗೆದ್ದ ಕಪ್ಪುಗಳೂ ಕಾಲ್ಟೆಕ್ಸ್ ಕಪ್ಪಿನ ಹಾಗೆ ಶೋಕೇಸಿನ ಧೂಳಾಗುತ್ತವೆ.

ಮುಂದಿನ ಸಲ ಬೆಂಗಳೂರಿನ ತಂಡ ಅಂಧೇರಿಗೆ ಬಂದಾಗ ನಾನು ಹೋಗುವವನೇ. ಕೂಗುವುದು ಬೆಂಗಳೂರಿಗೇ, ಈ ವಯಸ್ಸಿನಲ್ಲಿ ಅದು ಬದಲಾಗುವುದಿಲ್ಲ. ಆದರೆ ಸೀಸನ್ ಟಿಕೇಟು ಮಾತ್ರ ಮಗನ ಗ್ಯಾಲರಿಯದ್ದೇ ಕೊಳ್ಳುತ್ತೇನೆ. ಈ ಊರಿನ ಮೂರನೆಯ ಖಾತೆಗೆ ನಮ್ಮ ಕಂತೂ ಸ್ವಲ್ಪ ಬೀಳಲಿ.